ನಿಝಾಮುದ್ದೀನ್ ಸರ್ ಮತ್ತು ತೋಡಿನ ಮುಗುಡು

ಮೀನುಗಾರಿಕೆ ಓದಿದವನು ಕಡಲನ್ನು ಬಿಟ್ಟು ಗದ್ದೆ ಬದಿಯ ಸಣ್ಣ ಹಳ್ಳದ, ನಮ್ಮ ತೋಡಿನ, ಬೆನ್ನು ಹತ್ತಿದರೆ ನಮ್ಮ ಕಡೆ ಜನ ನಗದೆ ಇರುತ್ತಾರೆಯೇ? ನಿಝಾಮುದ್ದೀನ್ ಸರ್ ಅವರನ್ನು ನೋಡಿ ಎಲ್ಲರೂ ನಕ್ಕರು. ಮೂಡುಬಿದಿರೆಯ ಕಾಲೇಜಿನಲ್ಲಿ ಅವರ ಜೊತೆ ಪಾಠ ಮಾಡುತ್ತಿದ್ದ ನಾನೂ ನಕ್ಕವಳೇ. ಬೆನ್ನ ಹಿಂದೆ ಅವರು ನಮಗೆ ‘ಮುಗುಡು ಮೇಷ್ಟ್ರು’.

ಮುಗುಡು ನಮ್ಮ ತೋಡು, ಗದ್ದೆಗಳ ಮೀಸೆಯ ಮೀನು. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು, ಹರಿವಿಗೆ ಎದುರಾಗಿ ಗದ್ದೆಗೆ ಹತ್ತುತ್ತದೆ. ಆಗ ಕತ್ತಿ ಹಿಡಿದು ಊರಿಗೆ ಊರೇ ನೀರಿಗಿಳಿಯುವ ಸಂಭ್ರಮಕ್ಕೆ ಉಬರ್ ಎನ್ನುತ್ತೇವೆ. ಸರ್ ಜೀವಮಾನವಿಡೀ ಹೇಳಿದ್ದು ಒಂದೇ ಮಾತು: “ಉಬರಿನಲ್ಲಿ ಹಿಡಿಯಬೇಡಿ. ಅದು ಹೆರಿಗೆಗೆ ತವರಿಗೆ ಹೊರಟ ಬಸುರಿ.” ತರಗತಿಯಲ್ಲಿ ಹೇಳಿದರು, ಪ್ರಬಂಧಗಳಲ್ಲಿ ಬರೆದರು, ಬೆಳ್ತಂಗಡಿಯ ಸಭೆಗಳಲ್ಲಿ ಗಂಟಲು ಹರಿದುಕೊಂಡರು. ಜನ ತಲೆಯಾಡಿಸಿ ಮನೆಗೆ ಹೋಗಿ ಕತ್ತಿ ಮಸೆದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮಾತು ಕೇಳಿದವನು ಒಬ್ಬನೇ, ವೇಣೂರಿನ ಹತ್ತಿರ ಅವರ ನೆರೆಮನೆಯ ಉಮ್ಮರ್. ಸರ್ ಬೈದ ಮೇಲೆ ಅವನು ಉಬರಿಗೆ ಇಳಿದದ್ದಿಲ್ಲ.

ಆದರೆ ಗದ್ದೆಗಳೆಲ್ಲ ಸೈಟುಗಳಾದವು, ಮುಗುಡು ಬರುವುದೇ ನಿಂತಿತು. ನಿವೃತ್ತರಾದ ಮೇಲೆ ಪ್ರತಿ ಮೊದಲ ಮಳೆಗೆ ಸರ್ ಕೊಡೆ ಹಿಡಿದು ತೋಡಿನ ಬದಿ ನಿಲ್ಲುತ್ತಿದ್ದರು. “ಒಂದು ಹೆಣ್ಣು ಹತ್ತಿದರೆ ಸಾಕು ಶಶಿಪ್ರಭಾ, ಸಂತತಿ ಉಂಟು ಅಂತ ನಂಬಿ ಕಣ್ಣು ಮುಚ್ಚುತ್ತೇನೆ” ಎಂದು ನನ್ನಲ್ಲಿ ಹೇಳುತ್ತಿದ್ದರು. ಬರಿಗೈಯಲ್ಲಿ ಮರಳುವ ಅವರನ್ನು ಉಮ್ಮರ್ ನೋಡುತ್ತಿದ್ದ. ಪಾಪ, ತಿನ್ನುವ ಆಸೆ ಎಂದುಕೊಂಡ.

ಕಳೆದ ವರ್ಷ ಸರ್‌ಗೆ ಪಿತ್ತಕೋಶದ ಕ್ಯಾನ್ಸರ್. ಊಟ ಸೇರದು. ಏನು ಮಾಡಿಕೊಡಲಿ ಎಂದು ಹೆಂಡತಿ ರಹ್ಮತಕ್ಕ ಗೋಗರೆದಾಗ, “ಉಮ್ಮ ಮಾಡುತ್ತಿದ್ದ ಮುಗುಡು ಗಸಿ” ಎಂದು ತಾಯಿಯ ಕೈಯ ಮೀನು ಸಾರು ನೆನೆದು ತಮಾಷೆ ಮಾಡಿ ನಕ್ಕರಂತೆ. ಬಾಗಿಲಲ್ಲಿದ್ದ ಉಮ್ಮರ್‌ಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ಜೂನಿನಲ್ಲಿ ಮಳೆ ಹಿಡಿದ ಮರುದಿನ ನಾನು ನೋಡಲು ಹೋಗಿದ್ದೆ. ಉಮ್ಮರ್ ಪಾತ್ರೆ ತಂದು ಮುಚ್ಚಳ ತೆಗೆದ. ಗಸಿಯ ಮೇಲೆ ಹಳದಿ ಮೊಟ್ಟೆಯ ಗೊಂಚಲು. ನಾನು ಸರ್ ಮುಖ ನೋಡಿದೆ.

“ಎಲ್ಲಿ ಸಿಕ್ಕಿತು?” ಸರ್ ಕೇಳಿದರು.

“ನಮ್ಮ ತೋಡಿನಲ್ಲೇ ಸರ್. ಹತ್ತಿ ಬರ್ತಾ ಇತ್ತು. ನೀವು ಬೇಡ ಅಂದದ್ದು ಗೊತ್ತುಂಟು. ಆದ್ರೆ ನಿಮಗೆ ಅಂತ ಅಲ್ವಾ?”

“ಅದರ ಹಿಂದೆ ಬೇರೆ ಬಂತಾ?”

“ಇಲ್ಲ ಸರ್. ಸಂಜೆವರೆಗೂ ಕಾದೆ. ಒಂದೇ.”

ಸರ್ ಎದ್ದು ಕುಳಿತರು. ಆಮೇಲೆ ಪಾತ್ರೆ ಹತ್ತಿರ ಎಳೆದುಕೊಂಡು, ವಾರಗಟ್ಟಲೆ ಗಂಜಿಯೂ ಇಳಿಯದ ಗಂಟಲಿನಲ್ಲಿ, ಮೊಟ್ಟೆಯನ್ನೂ ಬಿಡದೆ ತಿಂದರು. “ಒಳ್ಳೆಯದಾಗಿದೆ ಉಮ್ಮರ್” ಎಂದರು. ಅವನು ಕಣ್ಣೊರೆಸಿಕೊಂಡು ಖಾಲಿ ಪಾತ್ರೆ ಒಯ್ದ.

ಅವನು ಅಂಗಳ ದಾಟಿದ ಮೇಲೆ ಸರ್ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಅವನಿಗೆ ಹೇಳಬೇಡಿ” ಎಂದರು.

ಮುಂದಿನ ಶುಕ್ರವಾರ ಅವರು ತೀರಿಕೊಂಡರು. ದಫನ ಮುಗಿಸಿ ಬಂದ ಉಮ್ಮರ್ ನನ್ನ ಪಕ್ಕ ನಿಂತ.

“ಕೊನೆಗೆ ನಾನು ತಂದ ಮೀನು ತಿಂದ್ರಲ್ಲ ಮೇಡಂ, ಅದೊಂದು ಸಮಾಧಾನ. ಇನ್ನು ಹಿಡಿಯೂದಿಲ್ಲ. ಬರುವ ಮಳೆಗೆ ಎಷ್ಟು ಹತ್ತಿದ್ರೂ ಮುಟ್ಟೂದಿಲ್ಲ. ಸರ್ ಮಾತು.”

“ಹೂಂ ಉಮ್ಮರ್” ಎಂದೆ. “ಮುಟ್ಟಬೇಡ.”