ನಡುಗುವ ತಟ್ಟೆ

ಬಾಳೂರಿನ ನಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶುರುವಾದರೆ ಸಾಕು, ಪಕ್ಕದ ಮನೆಯ ಫಿಸಿಕ್ಸ್ ಮೇಷ್ಟ್ರು ತಟ್ಟೆ ಹಿಡಿದು ಬರುತ್ತಿದ್ದರು. ನಡುಗುವ ಮೆಷಿನ್ನಿನ ಮೇಲೆ ಅದನ್ನಿಟ್ಟು ಒಣಬೀಜ ಹರಡುವರು. ನಾನು ಬೆರಳು ಚಾಚಿದರೆ, "ಮುಟ್ಬೇಡ ಮಾರಾಯ, ಅವೇ ಹೋಗ್ತಾವೆ" ಎನ್ನುವರು.

ನುಣುಪು ತಟ್ಟೆಯಲ್ಲಿ ಬೀಜಗಳು ದಿಕ್ಕಿಗೊಂದು ಜಾರಿಹೋಗುತ್ತಿದ್ದವು. ಗೋಣಿ ಹಾಸಿದರೆ ಕದಲುತ್ತಲೇ ಇರಲಿಲ್ಲ. ಒಂದು ದಿನ ಮೇಷ್ಟ್ರು ತಟ್ಟೆಯನ್ನು ಮರಳಿನಿಂದ ತಿಕ್ಕಿ ಕೊಂಚ ಒರಟು ಮಾಡಿ ತಂದರು. ಬೀಜಗಳು ಒಂದಕ್ಕೊಂದು ತಾಗುತ್ತಾ, ನಿಧಾನಕ್ಕೆ ಎಲ್ಲವೂ ಒಂದೇ ಕಡೆಗೆ ಸುತ್ತತೊಡಗಿದವು.

ಮನೆಯಲ್ಲಿ ಒಂಟಿಯಾಗಿದ್ದ ಮೇಷ್ಟ್ರು ನನ್ನ ಹೆಗಲು ಹಿಡಿದರು. "ಸ್ವಲ್ಪ ತಿಕ್ಕಾಟ ಬೇಕು ಮಾರಾಯ, ಇಲ್ದಿದ್ರೆ ಒಂದರ ಪಕ್ಕ ಒಂದು ನಿಲ್ಲಲ್ಲ." ಆ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಆಮೇಲೆ ಅವರಿಗೆ ವರ್ಗವಾಯಿತು. ನಮ್ಮ ಹೊಸ ಪಲ್ಪರ್ ನಡುಗುವುದೇ ಇಲ್ಲ. ಆದರೂ ಪ್ರತಿ ಸೀಸನ್ನಿನಲ್ಲಿ ಒಮ್ಮೆ ತಟ್ಟೆ ಇಟ್ಟು ನೋಡುತ್ತೇನೆ.