ಖಾಲಿ ಹೊಟ್ಟೆಯ ಸರದಿ

ನಮ್ಮ ಸುಶೀಲತ್ತೆ ಜನ್ಮದಲ್ಲಿ ಏಕಾದಶಿ ಮಾಡಿದವಳಲ್ಲ. (ಮೀನಿಲ್ಲದ ಊಟವನ್ನೇ ಆಕೆ ಉಪವಾಸ ಅನ್ನುತ್ತಾಳೆ.) ಕಳೆದ ತಿಂಗಳು ಕಾರವಾರದ ಖಾಸಗಿ ಆಸ್ಪತ್ರೆಯೊಂದು ಆಕೆಯಿಂದ ಅದನ್ನೂ ಮಾಡಿಸಿತು.

ಅತ್ತೆ ಅಂಕೋಲೆಯವಳು. ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಶುಗರ್. ಅಂದು ಆಪರೇಷನ್, ಹಾಗಾಗಿ ಬೆಳಗ್ಗೆಯಿಂದ ಹನಿ ನೀರೂ ಇಲ್ಲ. ಶುಗರ್ ಇದ್ದವರನ್ನು ಹೆಚ್ಚು ಹೊತ್ತು ಖಾಲಿ ಹೊಟ್ಟೆಯಲ್ಲಿ ಇಡಬಾರದು, ಮೊದಲ ಸರದಿ ಇವರದೇ ಎಂದು ಸರ್ಜನ್ ಹಿಂದಿನ ದಿನವೇ ಹೇಳಿದ್ದರು.

ಬೆಳಗ್ಗೆ ನೋಡಿದರೆ ಆಡಳಿತಾಧಿಕಾರಿ ಸರದಿ ಬದಲಿಸಿದ್ದಾರೆ! ಮೊದಲು ಮಲ್ಲಾಪುರದ ಒಬ್ಬರ ಹರ್ನಿಯಾ. ಅವರಿಗೆ ಅದೇ ದಿನ ಡಿಸ್ಚಾರ್ಜ್. ಬೇಗ ಮುಗಿದರೆ ಬೆಳಕಿರುವಾಗಲೇ ಮನೆ ಸೇರುತ್ತಾರೆ, ಬೆಡ್ಡೂ ಖಾಲಿಯಾಗುತ್ತದೆ. ತಪ್ಪೇ? ಖಂಡಿತ ಅಲ್ಲ. ಆದರೆ ಸರ್ಜನ್‌ಗೆ ಒಂದು ಮಾತು ಹೇಳಿರಲಿಲ್ಲ.

ನನ್ನ ಪೇಷಂಟ್‌ಗಳ ಸರದಿಯನ್ನು ಆಫೀಸು ಹೇಳಬೇಕಾ ಎಂದು ಸರ್ಜನ್ ಥಿಯೇಟರ್ ಬಾಗಿಲಲ್ಲೇ ನಿಂತುಬಿಟ್ಟರು. ಬೆಡ್ಡಿಗೆ ಕಾದವರ ಬೈಗುಳ ತಿನ್ನುವವನು ನಾನು ಎಂದು ಅಧಿಕಾರಿ ಚೇಂಬರ್ ಬಿಟ್ಟು ಏಳಲಿಲ್ಲ. ಇಬ್ಬರ ನಡುವೆ ನೇರ ಮಾತಿಲ್ಲ. ಇವರದನ್ನು ಅವರಿಗೆ, ಅವರದನ್ನು ಇವರಿಗೆ ಹೊತ್ತು ಓಡಾಡಿದವಳು ಸಿಸ್ಟರ್. (ನಿಮ್ಮ ಆಫೀಸಿನಲ್ಲೂ ಇಂಥ ಜೋಡಿ ಇದೆ ತಾನೆ?)

ಥಿಯೇಟರ್ ಖಾಲಿ. ಹರ್ನಿಯಾದವರೂ ಕಾದರು, ಅತ್ತೆಯೂ ಕಾದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ನಮ್ಮ ಕೂಸಿಗೆ ಅರವತ್ತು ದಾಟಿತ್ತು, ಅಷ್ಟೇ.

ಅಷ್ಟರಲ್ಲಿ ಅತ್ತೆ ಬೆವರತೊಡಗಿದಳು. ಕೈ ನಡುಗುತ್ತಿತ್ತು. ಕರೆದರೆ ಓಗೊಡಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಸಿಸ್ಟರ್ ಶುಗರ್ ತೀರಾ ಇಳಿದದ್ದು ನೋಡಿದವಳೇ ಗ್ಲೂಕೋಸ್ ಏರಿಸಿದಳು. ಗಲಾಟೆ ಕೇಳಿ ಸರ್ಜನ್ ಓಡಿ ಬಂದರು, ಅಧಿಕಾರಿಯೂ ಬಂದರು. ಅಂದು ಮೊದಲ ಬಾರಿಗೆ ಇಬ್ಬರೂ ಒಂದೇ ಕೋಣೆಯಲ್ಲಿ, ಅತ್ತೆಯ ಮಂಚದ ಆಚೀಚೆ ನಿಂತರು.

ಅತ್ತೆ ಸ್ವಲ್ಪ ಚೇತರಿಸಿಕೊಂಡದ್ದೇ ತಡ, ಇಬ್ಬರೂ ನನಗೆ ಸಮಜಾಯಿಷಿ ಕೊಡತೊಡಗಿದರು. ಇಬ್ಬರೂ ಮಾಡಿದ್ದು ಪೇಷಂಟಿನ ಒಳ್ಳೆಯದಕ್ಕೇ ಅಂತೆ. ನನಗೆ ರೇಗಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಣ್ಣು ಬಿಟ್ಟು ನನ್ನತ್ತ ತಿರುಗಿದಳು.

"ತಮಾ, ಇವ್ರಿಬ್ರೂ ಬೆಳಿಗ್ಗೆ ಚಾ ಕುಡ್ಕಂಡೇ ಬಂದಾರೆ, ಅಲ್ವಾ?"

ಸರ್ಜನ್ ಗ್ಲೂಕೋಸ್ ಬಾಟಲಿ ನೋಡಿದರು. ಅಧಿಕಾರಿ ಕಿಟಕಿ ನೋಡಿದರು.

ಶುಗರ್ ಹತೋಟಿಗೆ ಬಂದ ಮೇಲೆ, ಮಧ್ಯಾಹ್ನ ದಾಟಿ ಅತ್ತೆಯ ಆಪರೇಷನ್ ಆಯಿತು. ಮಲ್ಲಾಪುರದವರ ಸರದಿ ಸಂಜೆಗೆ ಹೋಯಿತು, ಆ ದಿನ ಅವರು ಅಲ್ಲೇ ಉಳಿದರು. ಅಂದರೆ ಗೆದ್ದವರು ಯಾರು?

ಹೊಲಿಗೆ ಬಿಚ್ಚಿಸಲು ಹೋದಾಗ ಸಿಸ್ಟರ್ ಹೇಳಿದಳು, ಈಗ ಹಿಂದಿನ ಸಂಜೆಯೇ ಇಬ್ಬರೂ ಎದುರೆದುರು ಕೂತು ಸರದಿ ಗೊತ್ತುಮಾಡುತ್ತಾರಂತೆ. ಜಗಳ ನಿಂತಿಲ್ಲವಂತೆ. ಪರವಾಗಿಲ್ಲ, ಮುಖ ನೋಡಿಕೊಂಡಾದರೂ ಜಗಳಾಡುತ್ತಿದ್ದಾರಲ್ಲ.

ಅತ್ತೆಯ ಪರವಾಗಿ ನನ್ನದೊಂದೇ ವಿನಂತಿ: ಒಪ್ಪಂದ ಆಗುವವರೆಗೆ ಇಬ್ಬರಿಗೂ ಚಾ ಕೊಡಬೇಡಿ.