ಅಮ್ಮನಿಗೆ ಕಳಿಸಿದ ಸುಳ್ಳು

ಸೇಂಟ್ ಲಾರೆನ್ಸ್ ಹೊಳೆಯ ದಡದ ಆ ಜಮೀನು ಪೆರಿನ್‌ಳ ಗಂಡನ ಹೆಸರಿನಲ್ಲಿತ್ತು. ದುಡಿಮೆ ಮಾತ್ರ ಅವಳದು. ಫ್ರಾನ್ಸಿನ ದೊರೆ ಕೆನಡಾದ ಕಾಡನ್ನು ಜಮೀನ್ದಾರರಿಗೆ ಹಂಚಿದ್ದ. ಅವರು ಅದನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಒಕ್ಕಲುಗಳಿಗೆ ಕೊಟ್ಟಿದ್ದರು. ಮನೆಯವರು ಅಲ್ಲೇ ಇದ್ದು ಒಲೆ ಹೊತ್ತಿಸಬೇಕು, ಬಿಟ್ಟು ಹೋದರೆ ನೆಲ ವಾಪಸು ಎಂಬುದು ಷರತ್ತು.

ಗಂಡ ಬಾರ್ತೆಲ್ಮಿ ಬೀವರ್ ಎಂಬ ನೀರುಪ್ರಾಣಿಯ ಚರ್ಮದ ವ್ಯಾಪಾರಕ್ಕೆಂದು ಮೇಲಿನ ಸೀಮೆಗೆ ಹೋದವನು ತಿರುಗಿ ಬರಲಿಲ್ಲ. ಸತ್ತ ಎನ್ನುವುದಕ್ಕೆ ಸಾಕ್ಷಿಯೂ ಇರಲಿಲ್ಲ. ಹಾಗಾಗಿ ಅವಳು ಮತ್ತೆ ಮದುವೆಯಾಗುವಂತಿರಲಿಲ್ಲ, ಅವನ ಒಪ್ಪಿಗೆಯಿಲ್ಲದೆ ನೆಲ ಮಾರುವಂತಿರಲಿಲ್ಲ, ಒಂದು ಚಳಿಗಾಲ ಆಚೆ ಕಳೆಯುವಂತೆಯೂ ಇರಲಿಲ್ಲ. ಅವನು ಕಡಿದ ಮರಗಳ ಬುಡಗಳ ಸಂದಿಯಲ್ಲಿ ಗೋಧಿ ಬಿತ್ತಿದಳು. ದೇವರು ಅಷ್ಟಿಷ್ಟು ಕೊಟ್ಟ.

ಹೊಳೆ ಹೆಪ್ಪುಗಟ್ಟಿ ವಸಂತದವರೆಗೆ ದೋಣಿ ನಿಲ್ಲುವ ಮುಂಚೆ, ಪಟ್ಟಣದಲ್ಲಿ ಪೀಪಾಯಿ ಮಾಡುತ್ತಿದ್ದ ಅಣ್ಣ ಜೆರ್ವೇ ದೋಣಿಯಲ್ಲಿ ಬಂದ.

"ಅಮ್ಮ ಹಾಸಿಗೆ ಹಿಡಿದಿದ್ದಾಳೆ. ದಿನವಿಡೀ ನಿನ್ನ ಹೆಸರೇ. ಹೊರಡು."

ಪೆರಿನ್ ಶಾಲು ಹೊದ್ದೂ ಬಿಟ್ಟಿದ್ದಳು. ಅಷ್ಟರಲ್ಲಿ ದೋಣಿ ಕಂಡು ಕಪ್ತಾನ ತೂಸೆಂ ಬಂದ. ಜಮೀನ್ದಾರನ ಪರವಾಗಿ ಮನೆ ಮನೆ ನೋಡಿಕೊಂಡು ಬರುವವನು ಅವನೇ.

"ಕಪ್ತಾನರೇ, ಪಕ್ಕದವರ ಕೈಲಿ ದಿನಾ ಒಲೆ ಹಚ್ಚಿಸಿದ್ರೆ ಸಾಲದಾ?"

"ಬರೀ ಹೊಗೆ ಸಾಕಾಗಿದ್ರೆ ನಾನ್ಯಾಕೆ ಇಷ್ಟು ದೂರ ಕಾಲು ಸವೆಸ್ಲಿ ತಾಯಿ? ಮನೆಯವರು ಇರ್ಬೇಕು. ಕೆಳಗಿನ ಹೊಲದವರು ಹೋದ್ರು, ನೆಲಾನೂ ಹೋಯ್ತು. ನೋಡಿದ್ರಲ್ಲ."

"ಇವನು ನನ್ನ ಅಣ್ಣ. ಇವನಿದ್ರೆ?"

"ಒಡಹುಟ್ಟಿದೋರು ಇದ್ರೆ ನಂದೇನೂ ಅಡ್ಡಿಯಿಲ್ಲ."

ಜೆರ್ವೇ ಬೆಚ್ಚಿಬಿದ್ದ. "ನಾನಾ? ಮಂಜು ಕರಗೋವರೆಗೂ? ಈ ಮರದ ಬುಡಗಳ ಹತ್ರ ಮಾತಾಡ್ಕೊಂಡಾ?"

"ನಾನು ಮಾತಾಡ್ತೀನಲ್ಲ. ನಿನ್ನಷ್ಟು ಎದುರಾಡಲ್ಲ ಅವು."

ಕಪ್ತಾನ ಮೀಸೆಯಲ್ಲೇ ನಕ್ಕು ಹೊರಗೆ ಹೋದ.

"ಬಿಟ್ಟಾಕೇ ಈ ಹಾಳು ನೆಲಾನ! ನನ್ನ ಮನೆ ಇಲ್ವಾ?"

"ಅದು ನಿನ್ನ ಹೆಂಡ್ತಿ ಮನೆ ಅಣ್ಣಾ. ಅಲ್ಲಿ ನಾನು ಪಾತ್ರೆ ತೊಳೆಯೋಳು. ಸಾಯೋವರೆಗೂ."

ಅವನು ಅಲ್ಲವೆನ್ನಲಿಲ್ಲ, ಉಳಿಯುತ್ತೇನೆ ಎಂದೂ ಅನ್ನಲಿಲ್ಲ. ಪೆರಿನ್ ಶಾಲು ತೆಗೆದು ಗೂಟಕ್ಕೆ ಹಾಕಿದಳು. ಅವನಿಗೆ ಬಟಾಣಿ ಸಾರು ಬಡಿಸಿದಳು, ರೊಟ್ಟಿ ಮುರಿದಿಟ್ಟಳು.

"ಅಮ್ಮಂಗೆ ಏನಂತ ಹೇಳ್ಲಿ?" ಜೆರ್ವೇ ತಲೆಯೆತ್ತದೆ ಕೇಳಿದ.

"ಬಾರ್ತೆಲ್ಮಿ ಬಂದಿದ್ದಾನೆ ಅನ್ನು. ಅವನನ್ನ ಬಿಟ್ಟು ಬರೋಕಾಗ್ಲಿಲ್ಲ ಅನ್ನು. ಖುಷಿಯಾಗಿದ್ದೀನಿ ಅನ್ನು."

"ಸಾಯೋಳ ಮುಂದೆ ಸುಳ್ಳು ಹೇಳ್ಲಾ?"

"ಪಾಪ ನನ್ನದು. ಪಾದ್ರಿಗಳ ಹತ್ರ ನಾನೇ ಒಪ್ಪಿಕೊಳ್ತೀನಿ."

ಆದರೆ ಆ ಊರಿಗೆ ಪಾದ್ರಿ ಬರುತ್ತಿದ್ದದ್ದು ಹೊಳೆಯ ಮಂಜುಗಡ್ಡೆ ಬಿಚ್ಚಿದ ಮೇಲೆ. ದೋಣಿ ಮರೆಯಾದ ಸಂಜೆ ಜಪಮಾಲೆ ಹಿಡಿದಳು. ಮೊದಲ ಮಣಿಯೇ ಸರಿಯಲಿಲ್ಲ. ಮಂಜು ಕಿಟಕಿಯವರೆಗೆ ಏರಿ ಬಾಗಿಲನ್ನು ಒಳಗಿನಿಂದ ತಳ್ಳಬೇಕಾಯಿತು. ಅಮ್ಮ ಇದ್ದಾಳೋ ಇಲ್ಲವೋ ತಿಳಿಯದೆ, ಒಂದು ದಿನ ಆರೋಗ್ಯಕ್ಕೆಂದು, ಮರುದಿನ ಆತ್ಮಶಾಂತಿಗೆಂದು ಬೇಡಿಕೊಂಡಳು. ಕ್ಷಮೆ ಮಾತ್ರ ಕೇಳಲಿಲ್ಲ. ಅದಕ್ಕೆ ಪಾದ್ರಿಯೇ ಬರಬೇಕೆಂದು ಅವಳ ನಂಬಿಕೆ.

ವಸಂತದಲ್ಲಿ ಪಾದ್ರಿಗಿಂತ ಮೊದಲು ಜೆರ್ವೇ ಬಂದ. ಸಾವಿನ ಸುದ್ದಿ ತಂದವರಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಪೆರಿನ್‌ಗೆ ಅಷ್ಟರಲ್ಲೇ ತಿಳಿಯಿತು.

"ಯಾವಾಗ?"

"ಕ್ರಿಸ್ಮಸ್‌ಗೆ ಮುಂಚೆ."

"ನಂಬಿದ್ಲಾ?"

"ನಂಬಿದ್ಲು. ಆಮೇಲೆ ಬಿಡ್ಲಿಲ್ಲ ಕಣೇ. ಅಳಿಯ ಸೊರಗಿದ್ದಾನಾ ಅಂದ್ಲು. ಸ್ವಲ್ಪ ಅಂದೆ. ಏನು ತಂದ ಅಂದ್ಲು. ಪೆರಿನ್‌ಗೊಂದು ತುಪ್ಪಳದ ಟೋಪಿ ಅಂದೆ. ದಿನಾ ಹೊಸದು ಕಟ್ಟಬೇಕಾಯ್ತು. ಕೊನೆಗೆ ಅವನಿಗೆ ಗಡ್ಡಾನೂ ಬಿಡಿಸಿದೆ."

ಪೆರಿನ್ ನಕ್ಕುಬಿಟ್ಟಳು. ನಗುತ್ತಲೇ ಹೊಸ್ತಿಲ ಮೇಲೆ ಕುಸಿದು ಸೊಂಟದ ಏಪ್ರನ್ನಿನ ಅಂಚನ್ನು ಸೆರಗಿನಂತೆ ಬಾಯಿಗೆ ಒತ್ತಿಕೊಂಡಳು.

"ಪಾದ್ರಿಗಳು ಬರೋವರೆಗೂ ಇರ್ತೀಯಾ?" ಎಂದಳು ಕೊನೆಗೆ. "ಈಗ ಪಾಪ ಇಬ್ಬರದ್ದಾಯ್ತಲ್ಲ."

ಜೆರ್ವೇ ದೋಣಿಯನ್ನು ದಡದ ಮೇಲಕ್ಕೆ ಎಳೆಯಲು ಹೋದ.